ಒಬ್ಬೊಬ್ಬರೇ ಬನ್ನಿ ಅಂದರು

ಜೂನ್ ೨೦

ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ನಗಬೇಡ. ನಾನು ಸಂಘದ ಕಾರ್ಯದರ್ಶಿಯಾಗಿದ್ದೇನೆ.

ನಕ್ಕೇ ನಗುತ್ತೀಯ ಅಂತ ಗೊತ್ತು. ಈ ವಿಶ್ವವಿದ್ಯಾಲಯಕ್ಕೆ ಸೇರಿದ ಹೊಸದರಲ್ಲಿ ನೀನು "ಅಲ್ಲಿ ಸಂಘ ಇದೆಯಾ?" ಅಂತ ಕೇಳಿದ್ದೆ. "ಅಮ್ಮಾ, ನಾವು ಪಾಠ ಹೇಳೋರು, ಗಿರಣಿ ಕೆಲಸದವರಲ್ಲ" ಅಂದಿದ್ದೆ ನಾನು. ನೀನು ಹೊಲಿಗೆ ಮುಂದುವರಿಸಿದ್ದೆ. ಒಂಬತ್ತು ವರ್ಷವಾಯಿತು. ಆ ಮಾತು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಮ್ಮಲ್ಲಿ ಇನ್ನೂರ ಹದಿನಾಲ್ಕು ಮಂದಿ ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿಗಳು, ಅರ್ಧಕ್ಕಿಂತ ಹೆಚ್ಚು ಪಾಠ ಮಾಡುವವರು ನಾವೇ. ನಾಲ್ಕು ತಿಂಗಳಿಗೊಮ್ಮೆ ಒಂದು ಆದೇಶಪತ್ರ. ಅದು ಮುಗಿದು ಇನ್ನೊಂದು ಬರುವವರೆಗೆ ನಾವು ಯಾರೂ ಅಲ್ಲ. ಗ್ರಂಥಾಲಯದ ಕಾರ್ಡು ಕೂಡ ನಡೆಯುವುದಿಲ್ಲ. ರಸಾಯನಶಾಸ್ತ್ರದಲ್ಲಿ ಹನ್ನೊಂದು ವರ್ಷದಿಂದ ಇರುವ ಒಬ್ಬಾಕೆ, ನನಗೆ ಅಕ್ಕನ ಹಾಗೆ, ಹೆರಿಗೆಗೆ ಎರಡು ತಿಂಗಳು ರಜೆ ಕೇಳಿದಳು. ಆಡಳಿತದವರು ಇಲ್ಲ ಅನ್ನಲಿಲ್ಲ. ಮುಂದಿನ ಆದೇಶಪತ್ರವನ್ನೇ ಕೊಡಲಿಲ್ಲ. ವಿಚಾರಿಸಲು ಹೋದರೆ "ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಮೇಡಂ" ಅಂದರಂತೆ.

ಪ್ರಯೋಗಾಲಯದ ಬೀಗದ ಕೈ ವಾಪಸು ಕೊಡುವಾಗ ಅವಳು ಅಳಲಿಲ್ಲ. ಯಾವ ನಲ್ಲಿ ಸೋರುತ್ತದೆ, ಯಾವ ಕಪಾಟಿನ ಬಾಗಿಲನ್ನು ಸ್ವಲ್ಪ ಎತ್ತಿ ಮುಚ್ಚಬೇಕು ಅಂತ ಒಂದೊಂದನ್ನೂ ಹೇಳಿಕೊಟ್ಟು ಹೋದಳು. ಪಕ್ಕದಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ.

ಮಾರನೆಯ ವಾರ ಇತಿಹಾಸದ ಮೇಷ್ಟ್ರು ಸಭೆ ಕರೆದರು. ಹಿರಿಯರು, ಅವರೇ ಅಧ್ಯಕ್ಷರಾದರು. "ಕಾರ್ಯದರ್ಶಿ ಯಾರಾಗ್ತೀರಿ?" ಅಂದಾಗ ಎಲ್ಲರಿಗೂ ಚಪ್ಪಲಿ ನೋಡಿಕೊಳ್ಳುವ ಕೆಲಸ ಬಂತು. ಆಗ ನನ್ನ ಜೊತೆ ಒಂದೇ ಮೇಜು ಹಂಚಿಕೊಂಡಿರುವ ಗಣಿತದವಳು ಎದ್ದು "ಇವಳ ಅಮ್ಮ ಬಟ್ಟೆ ಗಿರಣಿಯಲ್ಲಿ ಸಂಘ ಕಟ್ಟಿದವರು" ಅಂದುಬಿಟ್ಟಳು. ಇಡೀ ಕೋಣೆ ನನ್ನ ಕಡೆ ತಿರುಗಿತು. ಆ ಮಾತಿಗೆ ತಲೆ ತಗ್ಗಿಸದೆ ಕುಳಿತದ್ದು ನಾನು ಅದೇ ಮೊದಲು.

ಈಗ ಹೇಳು. ಮೇಲಿನವರ ಎದುರು ಮೊದಲ ಸಲ ಕೂರುವಾಗ ಏನು ಮಾಡಬೇಕು? ಫೋನಿನಲ್ಲಿ ಕೇಳೋಣವೆಂದರೆ ಮಗ್ಗಗಳು ನಿನ್ನ ಕಿವಿಯನ್ನು ತಿಂದುಹಾಕಿವೆ. ಬೇಗ ಬರೆ.

ನಿನ್ನ ಮಗಳು


ಜೂನ್ ೨೭

ನನ್ನ ಕಲ್ಲು ಟೀಚರಿಗೆ,

ನಕ್ಕೆ. ಹೊಲಿಗೆ ಕಲಿಯಲು ಬರುವ ಹೆಂಗಸರೆಲ್ಲ ಮಿಷನ್ ನಿಲ್ಲಿಸಿ ನೋಡುವಷ್ಟು ನಕ್ಕೆ. ಆಮೇಲೆ ಕಾಗದವನ್ನು ಅವರಿಗೆ ಓದಿ ಹೇಳಿದೆ. ನೀನು ಹೇಳಿಕೊಡುವ ಭೂವಿಜ್ಞಾನ ಅಂದರೆ ಏನು ಅಂತ ಕೇಳಿದರು. ಕಲ್ಲನ್ನು ಮಾತಾಡಿಸುವ ವಿದ್ಯೆ ಅಂದೆ. ಹಾಗಾದರೆ ಅಧಿಕಾರಿಗಳನ್ನೂ ಮಾತಾಡಿಸುತ್ತಾಳೆ ಬಿಡಿ ಅಂದಳು ಒಬ್ಬಳು.

ಕೇಳಿದ್ದಕ್ಕೆ ಹೇಳುತ್ತೇನೆ. ಒಂಟಿಯಾಗಿ ಹೋಗಬೇಡ, ಕಡಿಮೆ ಅಂದರೂ ಮೂವರು ಹೋಗಿ. ಒಬ್ಬರು ಮಾತಾಡಲಿ, ಒಬ್ಬರು ಬರೆದುಕೊಳ್ಳಲಿ, ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಅವರ ಮುಖವನ್ನೇ ನೋಡುತ್ತಿರಲಿ. ಗಿರಣಿಯಲ್ಲಿ ಆ ಮೂರನೆಯವಳು ನಾನು. ಮಗ್ಗದ ಗದ್ದಲದಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದದ್ದು. ಅದು ಮ್ಯಾನೇಜರಿಗೆ ಗೊತ್ತಿರಲಿಲ್ಲ. ಮೇಜಿನ ಆ ತುದಿಯಲ್ಲಿ ವಕೀಲರ ಹತ್ತಿರ ಪಿಸುಗುಟ್ಟುತ್ತಿದ್ದ: "ಊಟದ ಬಿಡುವು ಮೂರು ಪಾಳಿಗೂ ಒಪ್ಪಿಬಿಡೋಣ, ಮೊದಲು ಎರಡು ಅಂತ ಹೇಳಿ." ನಾನು ಮೇಜಿನ ಕೆಳಗೆ ನಮ್ಮವರ ಮೊಣಕಾಲಿಗೆ ಮೂರು ಸಲ ತಟ್ಟಿದೆ. ಮೂರೂ ಸಿಕ್ಕಿತು. ಅವನಿಗೆ ಕೊನೆಯವರೆಗೂ ನಾವು ಮಾಟಗಾತಿಯರೇ.

ಇನ್ನೊಂದು. ಎದ್ದು ಬರುವ ಮೊದಲು ಬರೆದುಕೊಂಡದ್ದನ್ನು ಅವರಿಗೇ ಓದಿ ಹೇಳಿ. "ಹೀಗೇ ತಾನೆ ಅಂದದ್ದು?" ಅಂತ ಕೇಳಿ. ಹೂಂ ಅನ್ನಿಸಿಕೊಂಡೇ ಏಳಿ.

ಆ ರಸಾಯನದ ಹುಡುಗಿಗೆ ಎಷ್ಟನೇ ತಿಂಗಳು? ಒಂದು ಜೊತೆ ಪುಟ್ಟ ಅಂಗಿ ಹೊಲಿದಿಟ್ಟಿದ್ದೇನೆ, ಕಳಿಸುತ್ತೇನೆ.

ಅಮ್ಮ


ಜುಲೈ ೧೮

ಅಮ್ಮಾ,

ಮೊದಲ ಸಭೆ ಮುಗಿಯಿತು. ಮುಗಿಯಿತು ಅನ್ನುವುದಕ್ಕಿಂತ ಶುರುವಾಗಲೇ ಇಲ್ಲ ಅನ್ನಬೇಕು. ಕುಲಸಚಿವರು ಕುರ್ಚಿ ತೋರಿಸಿ, ನೀರು ತರಿಸಿ, ನಮ್ಮ ಮನವಿಯನ್ನು ಓದದೆ ಪಕ್ಕಕ್ಕಿಟ್ಟರು. "ನೋಡಿ, ಮಾತುಕತೆ ಅನ್ನೋದು ಸಂಸ್ಥೆಗೂ ನೌಕರರಿಗೂ ನಡೆಯೋದು. ನೀವು ನೌಕರರೇ ಅಲ್ವಲ್ಲ, ಅತಿಥಿಗಳು" ಅಂದರು. ಇತಿಹಾಸದ ಮೇಷ್ಟ್ರು ಸುಮ್ಮನಿರುವವರೇ? "ಹತ್ತೊಂಬತ್ತು ವರ್ಷದಿಂದ ಮನೆಯಲ್ಲೇ ಇರೋ ಅತಿಥಿಗೆ ಏನಂತಾರೆ ಸಾರ್?" ಅಂದರು. ಕುಲಸಚಿವರ ಸಹಾಯಕರು ಬಂದ ನಗುವನ್ನು ಕೆಮ್ಮಿ ಮುಚ್ಚಿಕೊಂಡರು.

ಕೊನೆಗೆ ಕುಲಸಚಿವರು ಹೇಳಿದ್ದು ಇದು: "ಸಂಘ ಗಿಂಘ ನಮಗೆ ಗೊತ್ತಿಲ್ಲ. ಯಾರಿಗಾದರೂ ತೊಂದರೆ ಇದ್ದರೆ ನನ್ನ ಬಾಗಿಲು ತೆರೆದಿದೆ. ಒಬ್ಬೊಬ್ಬರೇ ಬನ್ನಿ, ಮಾತಾಡೋಣ." ನಾನು ಅದನ್ನು ಬರೆದುಕೊಂಡು ಗಟ್ಟಿಯಾಗಿ ಓದಿ, ಹೀಗೇ ತಾನೆ ಸಾರ್ ಅಂದೆ. ಅವರಿಗೆ ಅದು ಹಿಡಿಸಲಿಲ್ಲ.

ಇನ್ನೊಂದು ವಿಷಯವಿದೆ. ಇದನ್ನು ಯಾರಿಗೂ ಹೇಳಿಲ್ಲ. ಎರಡು ದಿನದ ನಂತರ ನನ್ನನ್ನು ಒಬ್ಬಳನ್ನೇ ಕರೆಸಿದರು. ತುಂಬ ಮೃದುವಾಗಿ ಮಾತಾಡಿದರು. ನನ್ನ ಸಂಶೋಧನಾ ಲೇಖನಗಳ ಹೆಸರು ಕೂಡ ತಿಳಿದುಕೊಂಡಿದ್ದರು. ವಿಜ್ಞಾನ ವಿಭಾಗದಲ್ಲಿ ಒಂದು ಖಾಯಂ ಹುದ್ದೆ ಖಾಲಿ ಇದೆಯಂತೆ. "ನಿಮ್ಮಂಥವರು ಕೂಗಾಟದಲ್ಲಿ ಕಳೆದುಹೋಗಬಾರದು" ಅಂದರು.

ಆಗಲ್ಲ ಅನ್ನಬೇಕಿತ್ತು ನಾನು. "ಯೋಚಿಸಿ ಹೇಳ್ತೀನಿ ಸಾರ್" ಅಂದು ಬಂದೆ. ಆಮೇಲೆ ಕಲ್ಲುಗಳ ಕೊಠಡಿಯಲ್ಲಿ ಒಬ್ಬಳೇ ಕುಳಿತು ಖಾಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿದೆ. ಒಂಬತ್ತು ವರ್ಷ ಕಾದಿದ್ದೇನೆ ಅಮ್ಮಾ.

ನಿನ್ನ ಮಗಳು


ಜುಲೈ ೨೪

ಮಗಳೇ,

ಏನು ಮಾಡಲಿ ಅಂತ ನೀನು ಕೇಳಿಲ್ಲ. ಹೀಗೆ ಮಾಡು ಅಂತ ನಾನೂ ಹೇಳುವುದಿಲ್ಲ. ನನ್ನ ಮುಖ ನೆನೆಸಿಕೊಂಡು ಮಾತ್ರ ತೀರ್ಮಾನ ಮಾಡಬೇಡ. ನೀನು ಖಾಯಂ ಆದರೂ ನನ್ನ ಮಗಳೇ, ಆಗದಿದ್ದರೂ ನನ್ನ ಮಗಳೇ.

ಒಂದೇ ಮಾತು. ಒಪ್ಪುವುದಾದರೂ ಸರಿ, ಬಿಡುವುದಾದರೂ ಸರಿ, ಅದನ್ನು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳು. ಮುಚ್ಚಿದ ಬಾಗಿಲ ಹಿಂದೆ ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಊಟ ಸೇರುವುದಿಲ್ಲ.

ಅಮ್ಮ


ಆಗಸ್ಟ್ ೧೨

ಅಮ್ಮಾ,

ಎದ್ದು ನಿಂತೆ. ಖಾಯಂ ಹುದ್ದೆಯ ಆಸೆ ತೋರಿಸಿದರು, ತಕ್ಷಣ ಬೇಡ ಅನ್ನಲು ನನ್ನಿಂದ ಆಗಲಿಲ್ಲ, ಈಗ ನಿಮ್ಮೆದುರು ಬೇಡ ಅನ್ನುತ್ತಿದ್ದೇನೆ ಅಂದೆ. ಛೀಮಾರಿ ಹಾಕುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಸಸ್ಯಶಾಸ್ತ್ರದವರು ಮೆಲ್ಲಗೆ ಎದ್ದು "ನನಗೂ ಅದೇ ಹುದ್ದೆ ಹೇಳಿದ್ದರು" ಅಂದರು. ಹಿಂದಿನ ಸಾಲಿನಿಂದ ಇನ್ನೊಬ್ಬರು. ಕಿಟಕಿಯ ಹತ್ತಿರದಿಂದ ಮತ್ತೊಬ್ಬರು. ಎಣಿಸಿದರೆ ಒಟ್ಟು ಹನ್ನೆರಡು ಮಂದಿ ಅಮ್ಮಾ! ಒಂದೇ ಕುರ್ಚಿ, ಹನ್ನೆರಡು ಜನಕ್ಕೆ ಕೊಟ್ಟಿದ್ದರು. ಸಭೆ ನಕ್ಕ ನಗುವಿಗೆ ಕಾರಿಡಾರಿನಲ್ಲಿ ಹೋಗುತ್ತಿದ್ದವರು ಬಾಗಿಲು ತೆರೆದು ಇಣುಕಿದರು. ನಮ್ಮ ಸಂಘ ನಿಜವಾಗಿ ಹುಟ್ಟಿದ್ದು ಆ ನಗುವಿನಲ್ಲಿ ಅಂತ ಮೇಷ್ಟ್ರು ಹೇಳುತ್ತಾರೆ.

ಅದೇ ದಿನ ಮತ ಹಾಕಿ ತೀರ್ಮಾನಿಸಿದೆವು. ಸಂಘವನ್ನು ಮಾನ್ಯ ಮಾಡಿ ಎದುರು ಕೂತು ಮಾತಾಡುವವರೆಗೆ ಪಾಠವಿಲ್ಲ. ಈಗ ಎಂಟನೇ ದಿನ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಮುಖ್ಯ ಗೇಟಿನ ಮುಂದೆ ನಿಲ್ಲುತ್ತೇವೆ. ಮೊನ್ನೆ ನನ್ನ ವಿದ್ಯಾರ್ಥಿನಿಯೊಬ್ಬಳು ಕಲ್ಲೊಂದನ್ನು ಹಿಡಿದು ತಂದು "ಮೇಡಂ, ಇದರಲ್ಲಿ ಪದರ ಹೇಗೆ ಗುರುತಿಸೋದು?" ಅಂದಳು. ನಾನು ಮರೆತು ಶುರುಮಾಡಿಬಿಟ್ಟೆ. ಸುತ್ತ ಹದಿನೈದು ಜನ ಸೇರಿದರು. ಮೇಷ್ಟ್ರು ಓಡಿಬಂದು "ಕಾರ್ಯದರ್ಶಿಗಳೇ, ಮುಷ್ಕರದಲ್ಲಿ ಪಾಠ ಮಾಡ್ತಿದ್ದೀರಲ್ರೀ!" ಅಂತ ಬೈದರು.

ಆದರೆ ಇವತ್ತು ಬರೆಯುತ್ತಿರುವುದು ಬೇರೆಯದಕ್ಕೆ. ಗಣಿತದವಳು ಇವತ್ತು ಒಳಗೆ ಹೋದಳು. ನನ್ನ ಹೆಸರು ಸೂಚಿಸಿದವಳು, ಏಳು ವರ್ಷ ನನ್ನ ಮೇಜಿನ ಆ ಕಡೆ ಕುಳಿತವಳು. ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದು ನಮ್ಮ ಮಧ್ಯೆಯೇ ಹೋದಳು. ನಾನು ಕೂಗಿದೆ. ಏನು ಕೂಗಿದೆ ಅಂತ ಬರೆಯಲಾರೆ. ಇನ್ನು ಜನ್ಮದಲ್ಲಿ ಅವಳ ಮುಖ ನೋಡುವುದಿಲ್ಲ. ಅಪ್ಪ ಇದ್ದಿದ್ದರೆ ಅವರಿಗೂ ಅಸಹ್ಯವಾಗುತ್ತಿತ್ತು.

ನಿನ್ನ ಮಗಳು


ಆಗಸ್ಟ್ ೧೯

ಮಗಳೇ,

ಹನ್ನೆರಡು ಜನಕ್ಕೆ ಒಂದು ಕುರ್ಚಿ! ಅದನ್ನು ಓದಿ ನನ್ನ ಹಳೆಯ ಗಿರಣಿ ಗೆಳತಿಯರನ್ನೆಲ್ಲ ಕರೆದು ಹೇಳಿದೆ. ಎಲ್ಲರ ಎದುರು ಎದ್ದು ನಿಂತೆಯಲ್ಲ, ಅದು ನನ್ನಿಂದಲೂ ಆಗುತ್ತಿತ್ತೋ ಇಲ್ಲವೋ.

ಈಗ ನಿನ್ನ ಕೊನೆಯ ಸಾಲಿಗೆ ಬರುತ್ತೇನೆ. ನಿಮ್ಮಪ್ಪ ಹೋಗಿ ಆರು ವರ್ಷವಾಯಿತು. ಅವರು ಇರುವಾಗ ನಾನು ಇದನ್ನು ಹೇಳುವ ಹಾಗಿರಲಿಲ್ಲ. ಈಗ ಹೇಳದಿದ್ದರೆ ಅವರ ಮೇಲೆ ನೀನು ಇಲ್ಲದ ಮಾತೊಂದನ್ನು ಹೊರಿಸಿದ ಹಾಗಾಗುತ್ತದೆ.

ಗಿರಣಿಯ ದೊಡ್ಡ ಮುಷ್ಕರದಲ್ಲಿ ನಿನಗೆ ಏಳು ವರ್ಷ. ಇಪ್ಪತ್ತೈದನೇ ದಿನದ ಹೊತ್ತಿಗೆ ನಿನಗೆ ನ್ಯುಮೋನಿಯಾ ಆಯಿತು. ಎದೆ ಕಮ್ಮಾರನ ಹಳೇ ತಿದಿಯ ಹಾಗೆ ಸದ್ದು ಮಾಡುತ್ತಿತ್ತು. ಹತ್ತಿರ ಇದ್ದದ್ದು ಗಿರಣಿಯ ಆಸ್ಪತ್ರೆ ಒಂದೇ. ಮುಷ್ಕರದವರ ಮನೆಯವರಿಗೆ ಅದರ ಬಾಗಿಲು ಮುಚ್ಚಿತ್ತು. ಕೆಲಸಕ್ಕೆ ಬಂದವರ ಚೀಟಿ ತೋರಿಸಿದರೆ ಮಾತ್ರ ಒಳಗೆ. ಆ ರಾತ್ರಿಯೆಲ್ಲ ಇಬ್ಬರೂ ನಿನ್ನ ಎದೆಗೆ ಶಾಖ ಕೊಟ್ಟೆವು. ಬೆಳಿಗ್ಗೆ ನಿಮ್ಮಪ್ಪ ಬಾಯ್ಲರ್ ಮನೆಯ ಖಾಕಿ ಅಂಗಿ ಹಾಕಿಕೊಂಡರು. ನಾನು ಬುತ್ತಿ ಕಟ್ಟಿಕೊಟ್ಟೆ. ಹೌದು, ಕೈಯಾರೆ ನಾನೇ ಕಟ್ಟಿಕೊಟ್ಟೆ. ಆಮೇಲೆ ನಾನು ಗೇಟಿಗೆ ಹೋಗಿ ನನ್ನ ಜಾಗದಲ್ಲಿ ನಿಂತೆ.

ಅವರು ಗೇಟಿಗೆ ಬಂದಾಗ ಎಲ್ಲರೂ ಕೂಗಿದರು. ನಾನೂ ಕೂಗಿದೆ. ಕೂಗದಿದ್ದರೆ ಸಂಘಕ್ಕೆ ಮೋಸ, ಕೂಗಿದರೆ ಅವರಿಗೆ. ಅವರು ನನ್ನ ತುಟಿ ನೋಡಿದರು. ನಮ್ಮ ಮನೆಯಲ್ಲಿ ಎಲ್ಲರಿಗೂ ತುಟಿ ಓದಲು ಬರುತ್ತಿತ್ತು. ಮಧ್ಯಾಹ್ನ ನಿನ್ನನ್ನು ಆಸ್ಪತ್ರೆಗೆ ಸೇರಿಸಿದೆವು. ನೀನು ಉಳಿದೆ.

ನಾವು ಗೆದ್ದೆವು. ಕೊನೆಯ ದಿನ ಒಪ್ಪಂದ ಬರೆಯುವಾಗ ನಮ್ಮವರೇ ಕೆಲವರು, ಒಳಗೆ ಹೋದ ಅರವತ್ತು ಮಂದಿಗೆ ಇದು ಸಲ್ಲಬಾರದು ಅಂದರು. ನಾನು ಒಪ್ಪಲಿಲ್ಲ. ಒಬ್ಬ ಮುಖಕ್ಕೆ ಹೊಡೆದ ಹಾಗೆ ಅಂದ: "ಗಂಡನಿಗೋಸ್ಕರ ಹೇಳ್ತಿದ್ದೀಯ." "ಹೌದು, ನನ್ನ ಗಂಡನಿಗೋಸ್ಕರ. ಉಳಿದ ಐವತ್ತೊಂಬತ್ತು ಜನರೂ ಯಾರೋ ಒಬ್ಬರ ಮನೆಯವರೇ. ಅರವತ್ತು ಜನರನ್ನು ಹೊರಗಿಟ್ಟರೆ ಮುಂದಿನ ಸಲ ಮಾಲೀಕನಿಗೆ ಅರವತ್ತು ಜನ ಸಿದ್ಧವಾಗಿ ಸಿಗ್ತಾರೆ" ಅಂದೆ. ಎಲ್ಲರಿಗೂ ಸಲ್ಲುತ್ತದೆ ಅಂತಲೇ ಬರೆದೆವು.

ನಿಮ್ಮಪ್ಪ ಸಂಘದ ಸಭೆಗೆ ಮತ್ತೆ ಬರಲಿಲ್ಲ. ನಾನು ಸಭೆ ಮುಗಿಸಿ ಬರುವಾಗ ಮಾತ್ರ ಬೀದಿಯ ತಿರುವಿನವರೆಗೆ ಬಂದು ನಿಂತಿರುತ್ತಿದ್ದರು.

ಆ ಗಣಿತದ ಹುಡುಗಿಯ ಮನೆಯಲ್ಲಿ ಏನಿದೆ ಅಂತ ನೀನು ಕೇಳಿದೆಯಾ?

ಅಮ್ಮ


ಸೆಪ್ಟೆಂಬರ್ ೫

ಮಗಳೇ,

ಬರೆಯದಿದ್ದರೂ ಪರವಾಗಿಲ್ಲ. ಪತ್ರಿಕೆಯಲ್ಲಿ ನಿಮ್ಮ ಫೋಟೋ ಬಂದಿತ್ತು, ಕತ್ತರಿಸಿ ಇಟ್ಟಿದ್ದೇನೆ. ಹಿಂದಿನ ಸಾಲಿನಲ್ಲಿ ಯಾಕೆ ನಿಂತಿದ್ದೀಯ? ಕಾರ್ಯದರ್ಶಿ ಮುಂದೆ ನಿಲ್ಲಬೇಕು. ತೆಳ್ಳಗಾಗಿದ್ದೀಯ.

ಅಮ್ಮ


ಸೆಪ್ಟೆಂಬರ್ ೧೧

ಅಮ್ಮಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕುಳಿತೆ. ಆಗಲಿಲ್ಲ. ಈಗಲೂ ಅದಕ್ಕಲ್ಲ ಬರೆಯುತ್ತಿರುವುದು.

ಹೋದ ವಾರ ಸಂಜೆ ಬಸ್ಸಿನಲ್ಲಿ ಗಣಿತದವಳು ಕುಳಿತಿದ್ದಳು. ಪಕ್ಕದ ಸೀಟು ಖಾಲಿ ಇತ್ತು. ಬೇರೆ ಸೀಟುಗಳೂ ಖಾಲಿ ಇದ್ದವು. ನಾನು ಹೋಗಿ ಅವಳ ಪಕ್ಕ ಕುಳಿತೆ. ಮೂರು ನಿಲ್ದಾಣ ದಾಟುವವರೆಗೆ ಇಬ್ಬರೂ ಕಿಟಕಿಯನ್ನೇ ನೋಡಿದೆವು. ಆಮೇಲೆ ಅವಳೇ ಅಂದಳು: "ನನ್ನ ಪಿಎಚ್.ಡಿ. ಮಾರ್ಗದರ್ಶಕರು ಯಾರು ಅಂತ ನೆನಪಿದೆಯಾ?" ನನಗೆ ಹೊಳೆದೇ ಇರಲಿಲ್ಲ ಅಮ್ಮಾ. ನಮ್ಮ ವಿಜ್ಞಾನ ವಿಭಾಗದ ಡೀನ್ ಅವರೇ. ಏಳು ವರ್ಷದ ಪ್ರಬಂಧ, ಕೊನೆಯ ಸಹಿಗೆ ಕಾಯುತ್ತಿದೆ. "ಹೊರಗೆ ನಿಂತರೆ ಸಹಿ ಹಾಕಲ್ಲ ಅಂತ ಅವರು ಹೇಳಲಿಲ್ಲ ಕಣೇ. ಪೆನ್ನಿನ ಕ್ಯಾಪ್ ಮುಚ್ಚಿ ಇಟ್ಟರು, ಅಷ್ಟೆ" ಅಂದಳು.

ಅವಳು ಮಾಡಿದ್ದು ಸರಿ ಅಂತ ನಾನು ಅನ್ನಲಿಲ್ಲ. ಅವಳೂ ಅನ್ನಿಸಿಕೊಳ್ಳಲು ನೋಡಲಿಲ್ಲ. ನನ್ನ ನಿಲ್ದಾಣ ಬಂದಾಗ "ಆವತ್ತು ಗೇಟಲ್ಲಿ ಅಂದದ್ದು…" ಅಂತ ಶುರುಮಾಡಿದೆ. "ಇಳಿ, ಬಸ್ಸು ಹೊರಡುತ್ತೆ" ಅಂದಳು.

ಮೂವತ್ತೆಂಟನೇ ದಿನ ಇವತ್ತು. ಖಾಯಂ ಪ್ರಾಧ್ಯಾಪಕರ ಸಂಘದವರೂ ನಿನ್ನೆ ಬಂದು ನಮ್ಮ ಜೊತೆ ನಿಂತರು. ನೇಮಕದ ಹಂಗಿಲ್ಲದ ಹಿರಿಯರು, ಬಿಸಿಲಿನಲ್ಲಿ ನಿಲ್ಲುವ ಅಗತ್ಯವೇ ಇರಲಿಲ್ಲ ಅವರಿಗೆ. ಇವತ್ತು ಕುಲಪತಿಗಳಿಂದ ಕಾಗದ ಬಂದಿದೆ. ವಿಳಾಸದಲ್ಲಿ ಯಾರ ಹೆಸರೂ ಇಲ್ಲ. "ಅತಿಥಿ ಉಪನ್ಯಾಸಕರ ಸಂಘಕ್ಕೆ" ಅಂತಿದೆ. ಮೇಷ್ಟ್ರು ಆ ಲಕೋಟೆಯನ್ನು ಒಡೆಯಲು ಬಿಡದೆ ಹತ್ತು ನಿಮಿಷ ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು.

ನಿನ್ನ ಮಗಳು


ಸೆಪ್ಟೆಂಬರ್ ೨೮

ಅಮ್ಮಾ,

ಸಹಿಯಾಯಿತು.

ಆರು ದಿನ ಕುಳಿತೆವು. ನಾನು ಮಾತಾಡಿದೆ, ಸಸ್ಯಶಾಸ್ತ್ರದವರು ಬರೆದುಕೊಂಡರು, ಮೇಷ್ಟ್ರನ್ನು ಬಾಯಿ ಮುಚ್ಚಿಕೊಂಡು ಮುಖ ನೋಡಲು ಕೂರಿಸಿದೆವು. ಪಾಪ, ಅವರ ಜೀವನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಐದನೇ ದಿನ ಕುಲಸಚಿವರು ಹೊಸದೊಂದು ತಂದರು. ಮುಷ್ಕರದಲ್ಲಿ ಕೆಲಸಕ್ಕೆ ಬಂದ ಹತ್ತೊಂಬತ್ತು ಮಂದಿಗೆ ಬೇರೆಯೇ ಪಟ್ಟಿ, ಅವರಿಗೆ ಸ್ವಲ್ಪ ಹೆಚ್ಚಿನ ಸಂಬಳ. ನಾವು ಹೊರಗೆ ಬಂದು ಸಭೆ ಸೇರಿದರೆ ನಮ್ಮವರು ಅದಕ್ಕೆ ತಿರುಗೇಟಾಗಿ, ಆ ಹತ್ತೊಂಬತ್ತು ಮಂದಿಗೆ ಒಪ್ಪಂದವೇ ಬೇಡ ಅಂದರು. ಚಪ್ಪಾಳೆ ಬಿತ್ತು. ನಾನು ಎದ್ದೆ. "ಅವರು ಹತ್ತೊಂಬತ್ತು ಜನರನ್ನು ಬೇರೆ ಮಾಡೋಕೆ ನೋಡ್ತಿದ್ದಾರೆ. ನಾವೂ ಅದನ್ನೇ ಮಾಡಿಕೊಟ್ಟರೆ ಅವರ ಕೆಲಸ ಸುಲಭ ಆಯ್ತು. ಒಬ್ಬೊಬ್ಬರೇ ಬರಲ್ಲ ಅಂತ ತಾನೆ ನಾವು ಬೀದಿಗೆ ಬಂದದ್ದು? ಬರೆಯೋದಾದರೆ ಇನ್ನೂರ ಹದಿನಾಲ್ಕು ಅಂತಲೇ ಬರೆಯೋಣ" ಅಂದೆ.

"ನಿಮ್ಮ ಗೆಳತಿಗೋಸ್ಕರ ಹೇಳ್ತಿದ್ದೀರಿ ಮೇಡಂ" ಅಂತ ಹಿಂದಿನಿಂದ ಒಬ್ಬರು ಕೂಗಿದರು.

"ಹೌದು" ಅಂದೆ ಅಮ್ಮಾ. ಅಪ್ಪನ ಬಗ್ಗೆ ನನಗೆ ಬರೆಯಲು ಆಗುವುದು ಇಷ್ಟೇ.

ಕೈ ಎತ್ತಿಸಿ ಮತ ತೆಗೆದುಕೊಂಡೆವು. ಏಳು ಮತದಿಂದ ನನ್ನ ಮಾತು ಉಳಿಯಿತು.

ಮಾರನೆಯ ದಿನ ಸಹಿ. ಆದೇಶಪತ್ರ ಇನ್ನು ಇಡೀ ವರ್ಷಕ್ಕೆ. ಹೆರಿಗೆ ರಜೆ ಕೇಳಿದ್ದಕ್ಕೆ, ಸಂಘದಲ್ಲಿ ಇದ್ದದ್ದಕ್ಕೆ ಯಾರನ್ನೂ ಕೈಬಿಡುವ ಹಾಗಿಲ್ಲ. ಕೈಬಿಟ್ಟರೆ ಕಾರಣ ಬರೆದು ಕೊಡಬೇಕು. ಎರಡು ವರ್ಷಕ್ಕೊಮ್ಮೆ ಅವರೂ ನಾವೂ ಎದುರು ಬದುರು ಕೂರಲೇಬೇಕು. ರಸಾಯನದ ಅಕ್ಕ ಮೂರು ವಾರದ ಮಗುವನ್ನು ಎತ್ತಿಕೊಂಡು ಬಂದಿದ್ದಳು, ನೀನು ಹೊಲಿದ ಅಂಗಿ ಹಾಕಿತ್ತು. ಪಟ್ಟಿಯಲ್ಲಿ ತನ್ನ ಹೆಸರು ಓದಿದಾಗ ಆವತ್ತು ಅಳದಿದ್ದ ಅಳುವನ್ನೆಲ್ಲ ಅತ್ತಳು.

ಸಹಿ ಹಾಕಿ ಹೊರಗೆ ಬಂದರೆ ಮೆಟ್ಟಿಲ ಮೇಲೆ ವಿದ್ಯಾರ್ಥಿಗಳು ನಿಂತಿದ್ದರು. ಯಾರೋ "ಮೇಡಂ, ನಾಳೆ ಕ್ಲಾಸ್ ಇದೆಯಾ?" ಅಂದರು. ಒಂಬತ್ತು ವರ್ಷದಲ್ಲಿ ಆ ಪ್ರಶ್ನೆಗೆ ಇಷ್ಟು ಗಟ್ಟಿಯಾಗಿ ನಾನು ಯಾವತ್ತೂ ಇದೆ ಅಂದಿರಲಿಲ್ಲ.

ಒಪ್ಪಂದದ ಒಂದು ಪ್ರತಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಹದಿನಾರು ಕಲಮುಗಳಿವೆ. ಓದಿ ಹೇಗಿದೆ ಹೇಳು.

ನಿನ್ನ ಮಗಳು


ಅಕ್ಟೋಬರ್ ೪

ನನ್ನ ಕಾರ್ಯದರ್ಶಿಗೆ,

ಒಪ್ಪಂದ ಬಂತು. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಆಮೇಲೆ ನಮ್ಮ ಗಿರಣಿಯ ನಾಲ್ವರು ಬಂದರು. ನಾಲ್ವರಿಗೂ ಕಿವಿ ಅಷ್ಟಕ್ಕಷ್ಟೇ. ಮಧ್ಯೆ ಕುಳಿತು ಒಂದೊಂದು ಕಲಮನ್ನೂ ತುಟಿಯಾಡಿಸಿ ಓದಿದೆ. ಹೊಲಿಗೆಗೆ ಬಂದ ಹುಡುಗಿಯರಿಗೆ, ಸದ್ದೇ ಇಲ್ಲದೆ ಐವರು ಮುದುಕಿಯರು ತಲೆದೂಗುವುದನ್ನು ನೋಡಿ ಗಾಬರಿಯಾಗಿರಬೇಕು.

ಎಲ್ಲರಿಗೂ ಸಲ್ಲುತ್ತದೆ ಅನ್ನುವ ಹದಿಮೂರನೆಯದನ್ನು ಓದಿದಾಗ ಒಬ್ಬಳು ಯಾರು ಬರೆದದ್ದು ಇದು ಅಂದಳು. ನನ್ನ ಮಗಳು ಅಂದೆ. ಗೋಡೆಯ ಮೇಲಿನ ನಿಮ್ಮಪ್ಪನ ಫೋಟೋ ತೋರಿಸಿ, ಅವರ ಮಗಳು ಕೂಡ ಅಂದೆ. ನಾಲ್ವರಿಗೂ ಅರ್ಥವಾಯಿತು.

ಹೇಗಿದೆ ಅಂತ ಕೇಳಿದ್ದೀಯಲ್ಲ. ಹದಿನೈದು ಕಲಮು ಗಟ್ಟಿಯಾಗಿವೆ. ಒಂಬತ್ತನೆಯದರಲ್ಲಿ ಮೋಸ ಹೋಗಿದ್ದೀರಿ. "ಉಪನ್ಯಾಸಕರಿಗೆ ಸಾಧ್ಯವಾದಷ್ಟು ಮಟ್ಟಿಗೆ ಪ್ರತ್ಯೇಕ ಕೊಠಡಿ ಒದಗಿಸಲಾಗುವುದು" ಅಂತಿದೆ. ಸಾಧ್ಯವಾದಷ್ಟು! ನಮ್ಮ ಮ್ಯಾನೇಜರ್ ಈ ಪದವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದ. ಅವರಿಗೆ ಇನ್ನು ಯಾವತ್ತೂ ಸಾಧ್ಯವಾಗುವುದಿಲ್ಲ, ನೋಡುತ್ತಿರು. ನೀವು ದಣಿದ ಹೊತ್ತಿನಲ್ಲಿ ಸೇರಿಸಿರಬೇಕು. ಮೇಷ್ಟ್ರು ಮುಖ ನೋಡುವುದು ಬಿಟ್ಟು ಆಕಳಿಸುತ್ತಿದ್ದರು ಅಂತ ಕಾಣುತ್ತದೆ.

ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪ್ರತಿಯನ್ನು ವಾಪಸು ಕಳಿಸುತ್ತಿದ್ದೇನೆ. ಎರಡು ವರ್ಷದ ಮೇಲೆ ಮತ್ತೆ ಕೂರುತ್ತೀರಲ್ಲ, ಮೊದಲು ಅದನ್ನು ತೆಗೆಸಿ. ಎರಡು ವರ್ಷದ ಮೇಲೆ ಮತ್ತೆ ಕೂರುತ್ತೀರಿ ಅಂತ ಬರೆಯುವಾಗ ನನ್ನ ಕೈ ಒಂದು ಗಳಿಗೆ ನಿಂತಿತು, ಮಗಳೇ. ಕಾಯುವವರಾಗಿದ್ದಿರಿ. ಈಗ ನಿಮಗಾಗಿ ಅವರು ಕುರ್ಚಿ ಹಾಕಿ ಕಾಯಬೇಕು.

ಹೊಟ್ಟೆ ತುಂಬ ಊಟ ಮಾಡು. ಮುಂದಿನ ಫೋಟೋದಲ್ಲಿ ಮುಂದೆ ನಿಲ್ಲು.

ಹೆಮ್ಮೆಯಿಂದ,
ನಿನ್ನ ಅಮ್ಮ